ಲೈನಿಲ್ಲದ ಮನೆಯಲ್ಲಿ ಲೈನ್‌ಮನ್

ಚಿಂತಾಮಣಿಯಲ್ಲಿ ನಮ್ಮ ಎದುರು ಮನೆಯ ವೆಂಕಟರವಣಪ್ಪನವರು ಕರೆಂಟಿನ ಲೈನ್‌ಮನ್ ಆಗಿದ್ದವರು. ಮೂವತ್ತನಾಲ್ಕು ವರ್ಷ ಕಂಬ ಹತ್ತಿ ಇಳಿದು ನಿವೃತ್ತರಾದರು. ಆ ದಿನ ಅವರಿಗೆ ಹಾರ ಹಾಕಿ, ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮಾರನೆಯ ಬೆಳಿಗ್ಗೆ ಆರು ಗಂಟೆಗೇ ಫೋನು ಬಂತು. ಯಾವುದೋ ಹಳ್ಳಿಯ ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸ್ ಹೋಗಿತ್ತು. ನನಗೆ ರಿಟೈರ್ ಆಯಿತಪ್ಪ ಎನ್ನುವ ಬದಲು ಅವರು ಎದ್ದು ಪ್ಯಾಂಟು ಹಾಕಿಕೊಂಡರಂತೆ. ಅವರ ಹೆಂಡತಿ ಆದಿಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತ ಮೇಲೆಯೇ ಅವರಿಗೆ ಹಿಂದಿನ ದಿನದ ಹಾರ ನೆನಪಾದದ್ದು.

ಅದಾಗಿ ಒಂದು ವರ್ಷ ಕಳೆದರೂ ಅವರು ಬದಲಾಗಲಿಲ್ಲ. ಬೀದಿಯಲ್ಲಿ ಕರೆಂಟು ಹೋದ ಮರುಗಳಿಗೆ ಗೇಟಿನ ಹತ್ತಿರ ಬಂದು ಕಂಬದ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ಕರೆಂಟು ಬರುವ ತನಕ ಒಳಗೆ ಹೋಗುತ್ತಿರಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಫೋನು, ಮಲಗಿದರೆ ದಿಂಬಿನ ಪಕ್ಕ ಫೋನು. ನಾವು ಬೀದಿಯವರು ಅದನ್ನು ಡ್ಯೂಟಿಯ ಚಟ ಎಂದು ನಗುತ್ತಿದ್ದೆವು. ಚಟವಲ್ಲ, ಭಯ ಎಂದು ಗೊತ್ತಿದ್ದದ್ದು ಆದಿಲಕ್ಷ್ಮಮ್ಮನವರೊಬ್ಬರಿಗೇ.

ಭಯಕ್ಕೆ ಕಾರಣವಿತ್ತು. ಹದಿನೈದು ವರ್ಷದ ಹಿಂದೆ ಇವರೂ ಇವರ ಜೊತೆಗಾರ ನರಸಿಂಹಮೂರ್ತಿಯೂ ಲೈನಿನಲ್ಲಿ ಕರೆಂಟು ನಿಲ್ಲಿಸಿಕೊಂಡು ಅಕ್ಕಪಕ್ಕದ ಕಂಬಗಳಲ್ಲಿ ಕೆಲಸ ಮಾಡುತ್ತಿದ್ದರು. ಕರೆಂಟು ಹೋಯಿತೆಂದು ಯಾವುದೋ ಮನೆಯವರು ಜನರೇಟರ್ ಹಾಕಿದರು. ಅದರ ಕರೆಂಟು ಹಿಂದಕ್ಕೆ ಹರಿದು ತಂತಿಗೆ ಬಂತು. ನರಸಿಂಹಮೂರ್ತಿಯ ಜೀವ ಉಳಿಯಿತು, ಬಲಗೈ ಮೊಣಕೈಯ ತನಕ ಹೋಯಿತು. ಅಂದಿನಿಂದ ವೆಂಕಟರವಣಪ್ಪನವರಿಗೆ ಸತ್ತ ತಂತಿ ಎಂಬ ಮಾತಿನ ಮೇಲೆ ನಂಬಿಕೆ ಹೋಯಿತು. ಕರೆಂಟು ಹೋದಾಗಲೆಲ್ಲ ಎಲ್ಲೋ ಯಾರೋ ಕಂಬದ ಮೇಲಿದ್ದಾರೆ, ತನಗೆ ಫೋನು ಬರುತ್ತದೆ, ತಾನು ಎತ್ತದೆ ಇರುತ್ತೇನೆ ಎಂದೇ ಅವರ ಎದೆ ಹೊಡೆದುಕೊಳ್ಳುತ್ತಿತ್ತು.

ಕಳೆದ ನವೆಂಬರಿನಲ್ಲಿ ಬಿಪಿ ಏರಿ ಡಾಕ್ಟರು ಗದರಿಸಿದರು. ಮಗಳು ಲಾವಣ್ಯ ಮುದ್ದೇನಹಳ್ಳಿ ಹತ್ತಿರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಅವಳು ಅಪ್ಪ ಅಮ್ಮನನ್ನು ಕೇಳದೆಯೇ ಸ್ಕಂದಗಿರಿ ಬೆಟ್ಟದ ಕೆಳಗೆ, ಕಳವಾರದಲ್ಲಿ, ಒಂದು ಪುಟ್ಟ ಮನೆಯನ್ನು ಮೂರು ದಿನಕ್ಕೆ ಗೊತ್ತು ಮಾಡಿಬಿಟ್ಟಳು. ಮಣ್ಣಿನ ಮನೆ, ಸುತ್ತ ಹೊಲ, ಅಡುಗೆ ನಾವೇ ಮಾಡಿಕೊಳ್ಳಬಹುದು, ಕರೆಂಟಿನ ಲೈನ್ ಇಲ್ಲ, ಬಿಸಿಲಿನಿಂದ ಬರುವಷ್ಟೇ ಬೆಳಕು ಎಂದು ವಿವರಿಸಿದಳು.

ವೆಂಕಟರವಣಪ್ಪನವರಿಗೆ ಅರ್ಥವಾಗಲಿಲ್ಲ. “ಊರೂರಿಗೆ ಲೈನ್ ಎಳೆದೋನು ನಾನು. ಲೈನ್ ಇಲ್ದೇ ಇರೋ ಮನೇಲಿ ಕೂತ್ಕೊಳಕ್ಕೆ ದುಡ್ಡು ಕೊಟ್ಟು ಹೋಗ್ಬೇಕಾ?” ಎಂದರು.

“ನೀವು ಬರದಿದ್ರೆ ಬಿಡಿ, ನಾನು ಹೋಗ್ತೀನಿ,” ಎಂದರು ಆದಿಲಕ್ಷ್ಮಮ್ಮ. “ನೆಂಟರ ಮನೆ, ಆಸ್ಪತ್ರೆ ಬಿಟ್ಟು ಬೇರೆ ಕಡೆ ಒಂದು ದಿನಾನೂ ಇದ್ದೋಳಲ್ಲ ನಾನು.”

ಹೀಗೆ ಇಬ್ಬರೂ ಹೊರಟರು. ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಬಸ್ಸು, ಅಲ್ಲಿಂದ ಕಳವಾರಕ್ಕೆ ಆಟೋ. ರಾಗಿ ಹೊಲಗಳು ಕೊಯ್ಲಿಗೆ ಬಂದಿದ್ದವು. ದಾರಿಯುದ್ದಕ್ಕೂ ಅವರು ಕಿಟಕಿಯಿಂದ ಕಂಬಗಳನ್ನೇ ನೋಡುತ್ತಿದ್ದರು, ಎಲ್ಲಿ ತಂತಿ ಜೋತಿದೆ, ಎಲ್ಲಿ ಕೊಂಬೆ ತಾಕುತ್ತಿದೆ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು ಎಂದು ಆದಿಲಕ್ಷ್ಮಮ್ಮ ನನಗೆ ಆಮೇಲೆ ಹೇಳಿದರು. ಚೀಲ ಕಟ್ಟುವಾಗ ಟೆಸ್ಟರು, ಕಟಿಂಗ್ ಪ್ಲೇಯರು ತರಕೂಡದು ಎಂದು ಆಕೆ ಖಡಾಖಂಡಿತವಾಗಿ ಹೇಳಿದ್ದರು. ಅವರು ಅವನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದಿದ್ದರು.

ಮನೆಯ ಒಡತಿ ಹರಿತಾ, ಮೂವತ್ತು ದಾಟಿದ ಹೆಣ್ಣುಮಗಳು. ತಂದೆಯ ಜಮೀನಿನಲ್ಲಿ ಸೇವಂತಿಗೆ, ತರಕಾರಿ ಬೆಳೆಯುತ್ತಾ ಈ ಮನೆಯನ್ನೂ ನೋಡಿಕೊಳ್ಳುತ್ತಾಳೆ. ಹಿಂದೆ ಅಲ್ಲಿ ಅವರ ರೇಷ್ಮೆ ಹುಳು ಸಾಕುವ ಮನೆ ಇತ್ತಂತೆ. ರೇಷ್ಮೆ ಬಿಟ್ಟ ಮೇಲೆ ಹಾಳು ಬಿದ್ದಿದ್ದ ಆ ಕಟ್ಟಡದ ಎರಡು ಗೋಡೆ ಉಳಿಸಿಕೊಂಡು, ಅದೇ ಮಣ್ಣನ್ನು ಕಲಸಿ ಇನ್ನೆರಡು ಗೋಡೆ ಎಬ್ಬಿಸಿ, ಹಳೆಯ ಹೆಂಚು ಹೊದಿಸಿದ್ದಳು. ಹತ್ತಡಿ ಅಗಲ, ಹದಿನೆಂಟಡಿ ಉದ್ದ. ಒಳಗೆ ಒಂದು ಮಂಚ, ಒಂದು ಕಟ್ಟೆಯ ಮೇಲೆ ಒಲೆ, ಗೋಡೆಗೆ ಮಡಚಿಡುವ ಮೇಜು, ಏಣಿ ಹತ್ತಿದರೆ ಮಲಗಲು ಒಂದು ಅಟ್ಟ. ಹೊರಗೆ ಜಗಲಿ. ಹೆಂಚಿನ ಮೇಲೆ ಬಿದ್ದ ಮಳೆನೀರು ತೊಟ್ಟಿಗೆ ಇಳಿಯುತ್ತದೆ, ಸ್ನಾನದ ನೀರು ಬಾಳೆಗಿಡಕ್ಕೆ ಹೋಗುತ್ತದೆ. ಸೂರಿನ ಮೇಲೆ ಎರಡು ಸೋಲಾರ್ ಹಲಗೆ. ನಾಲ್ಕು ದೀಪ, ಒಂದು ಫ್ಯಾನು, ಫೋನಿಗೆ ಚಾರ್ಜು, ಇಷ್ಟಕ್ಕೆ ಸಾಕು, ಮಿಕ್ಸಿ ಇಸ್ತ್ರಿಪೆಟ್ಟಿಗೆ ಹಾಕುವ ಹಾಗಿಲ್ಲ ಎಂದು ಹರಿತಾ ತಿಳಿಸಿದಳು. ಅಲ್ಲಿ ಫೋನಿಗೆ ಸಿಗ್ನಲ್ಲೂ ಸರಿಯಾಗಿ ಇರಲಿಲ್ಲ. ವೆಂಕಟರವಣಪ್ಪನವರು ಫೋನನ್ನು ಮೇಲೆತ್ತಿ ಹಿಡಿದು ಜಗಲಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದು ನೋಡಿ ಮುಖ ಸಣ್ಣದು ಮಾಡಿಕೊಂಡರು.

ಕೊನೆಗೆ ಹರಿತಾ ಕಕ್ಕಸು ತೋರಿಸಿದಳು. ಅದಕ್ಕೆ ನೀರು ಸುರಿಯುವ ಹಾಗಿಲ್ಲ, ಹೋಗಿ ಬಂದ ಮೇಲೆ ಒಂದು ಮಗ್ಗು ಮರದ ಹೊಟ್ಟು ಹಾಕಬೇಕು. ಕೆಳಗಿನ ಗುಂಡಿಯಲ್ಲಿ ಅದೆಲ್ಲ ಆರು ತಿಂಗಳಿಗೆ ಗೊಬ್ಬರವಾಗುತ್ತದೆ.

ಆದಿಲಕ್ಷ್ಮಮ್ಮ ಬಾಗಿಲಲ್ಲೇ ನಿಂತರು. ಅವರ ತಾಯಿಯ ತವರಿನ ಕಡೆಯವರು ಒಂದು ಕಾಲಕ್ಕೆ ಊರಿನ ಹೊಲಸು ಹೊತ್ತವರು. ಆ ಮಾತನ್ನು ಅವರ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಆಕೆ ಕೇಳಿದ್ದು ಒಂದೇ: “ಇದನ್ನ ಎತ್ತೋರು ಯಾರಮ್ಮ?”

“ನಾನೇ ಅಮ್ಮ,” ಎಂದಳು ಹರಿತಾ. “ಇನ್ಯಾರ ಕೈಲೂ ಮಾಡ್ಸಲ್ಲ. ಹೋದ ಸಲ ತೆಗ್ದಿದ್ದು ಆ ಸೀಬೆಗಿಡಕ್ಕೆ ಹಾಕಿದೀನಿ.”

ಆದಿಲಕ್ಷ್ಮಮ್ಮ ಅವಳ ಕೈಗಳನ್ನು ನೋಡಿದರಂತೆ. ಮಣ್ಣು ಹಿಡಿದ, ಉಗುರು ಸವೆದ ಕೈಗಳು. ಆಮೇಲೆ ಹೊಟ್ಟಿನ ಡಬ್ಬ ಎಲ್ಲಿದೆ ಎಂದು ಕೇಳಿದರು.

ಸಂಜೆ ಜಗಲಿಯಲ್ಲಿ ಕೂತಾಗ ವೆಂಕಟರವಣಪ್ಪನವರ ಕಣ್ಣು ಹೊಲದ ಅಂಚಿನ ಒಂದು ಕಂಬದ ಮೇಲೆ ಬಿತ್ತು. ಒಂಟಿ ಸಿಮೆಂಟು ಕಂಬ, ಅದಕ್ಕೆ ತಂತಿ ಇಲ್ಲ. ತುದಿಯ ಹತ್ತಿರ ಒಂದು ಕಡೆ ಸಿಮೆಂಟು ಚಕ್ಕೆ ಎದ್ದು ಕಂಬಿ ಕಾಣುತ್ತಿತ್ತು. ಅವರು ಎದ್ದು ಹೋಗಿ ಕಂಬವನ್ನು ಸುತ್ತು ಹಾಕಿ ನೋಡಿ ಬಂದು ಹೆಂಡತಿಗೆ ಹೇಳಿದರು: ಈ ಕಂಬ ನಾನು ಹತ್ತಿದ್ದೀನಿ.

ಎರಡು ಸಾವಿರದ ಒಂದರಲ್ಲಿ ಅವರಿಗೆ ಚಿಕ್ಕಬಳ್ಳಾಪುರದ ಕಡೆ ಡ್ಯೂಟಿ ಇತ್ತು. ಆ ವರ್ಷ ಇಂಥದೇ ದಿನಗಳಲ್ಲಿ ಸೈಕ್ಲೋನ್ ಮಳೆ ಮೂರು ದಿನ ಬಿಡದೆ ಹಿಡಿದಿತ್ತು. ಒಂದು ಹುಳು ಮನೆಗೆ ಕರೆಂಟು ಇಲ್ಲ, ಹುಳುಗಳು ಗೂಡು ಕಟ್ಟುವ ಹಂತಕ್ಕೆ ಬಂದಿವೆ, ಹೀಟರ್ ಇಲ್ಲದೆ ಥಂಡಿಗೆ ಸಾಯುತ್ತವೆ ಎಂದು ಆ ಮನೆಯವರು ಆಫೀಸಿಗೆ ಬಂದು ಗೋಗರೆದರು. ಇವರು ಬಂದು, ಜಾರುವ ಕಂಬ ಹತ್ತಿ, ಎರಡು ಗಂಟೆ ಮಳೆಯಲ್ಲಿ ನೆಂದು ತಂತಿ ಕೂಡಿಸಿದರು. ಒಳಗೆ ದೀಪ ಹೊತ್ತಿಕೊಂಡಿತು. ಇಳಿದು ಬಂದಾಗ ಮನೆಯ ಮುದುಕಿ, ನೀನು ಯಾವ ಕೇರಿಯವನಪ್ಪ ಎಂದು ಕೇಳಿದರು. ಇವರು ಹೇಳಿದರು. ಅದಾದ ಮೇಲೆ ಕಾಫಿ ಬಂತು, ತೆಂಗಿನ ಚಿಪ್ಪಿನಲ್ಲಿ. ಅದನ್ನು ಹೊಲದ ಬದುವಿನ ಮೇಲೆ ಇಟ್ಟು ಹೋದರು. ಒಳಗೆ ಜಗಲಿಯಲ್ಲಿ ಜಾಗವಿತ್ತು, ಮಳೆ ಸುರಿಯುತ್ತಿತ್ತು. ಇವರು ಬದುವಿನಲ್ಲೇ ನಿಂತು ಕುಡಿದರು. ಆ ಚಳಿಯಲ್ಲಿ ಬೇಡ ಎನ್ನುವ ಶಕ್ತಿ ಇರಲಿಲ್ಲ.

ಆ ಕಥೆ ಆದಿಲಕ್ಷ್ಮಮ್ಮನಿಗೆ ಗೊತ್ತಿತ್ತು, ಅದು ಯಾವ ಮನೆ ಎಂದು ಮಾತ್ರ ಗೊತ್ತಿರಲಿಲ್ಲ. ಈಗ ಅದೇ ಜಗಲಿಯಲ್ಲಿ ಇಬ್ಬರೂ ಕಾಲು ಚಾಚಿ ಕೂತಿದ್ದರು. ನಾಳೆ ಬೆಳಿಗ್ಗೆಯೇ ಹೊರಡೋಣವೇ ಎಂದು ಆಕೆ ಕೇಳಿದರು. ಅವರು ಕಂಬದ ಕಡೆ ಇನ್ನೊಮ್ಮೆ ನೋಡಿ, ಬೇಡ, ಇರೋಣ ಎಂದರು.

ಮರುದಿನ ಮೋಡ ಕವಿದಿತ್ತು. ಹರಿತಾ ಹೂವು ತುಂಬಿಕೊಂಡು ಚಿಕ್ಕಬಳ್ಳಾಪುರದ ಮಾರುಕಟ್ಟೆಗೆ ಹೋಗಿದ್ದಳು. ಹತ್ತು ಗಂಟೆಯ ಸುಮಾರಿಗೆ ಫ್ಯಾನು ನಿಂತಿತು, ದೀಪವೂ ಹೊತ್ತಲಿಲ್ಲ. ವೆಂಕಟರವಣಪ್ಪನವರು ಅಭ್ಯಾಸದಂತೆ ಎದ್ದು ಹೊರಗೆ ಬಂದು ಕಂಬದ ಕಡೆ ನೋಡಿದರು. ಅಲ್ಲಿ ತಂತಿಯೇ ಇರಲಿಲ್ಲ. ಯಾವ ಫೀಡರ್, ಯಾವ ಟ್ರಾನ್ಸ್‌ಫಾರ್ಮರ್ ಎಂದು ಕೇಳಲು ಏನೂ ಇರಲಿಲ್ಲ. ಎಲ್ಲೋ ಯಾರೋ ಕಂಬದ ಮೇಲೆ ಇರುವ ಸಾಧ್ಯತೆಯೂ ಇರಲಿಲ್ಲ. ಇದ್ದ ಕರೆಂಟೆಲ್ಲ ಈ ನಾಲ್ಕು ಗೋಡೆಯ ಒಳಗೇ ಹುಟ್ಟಿ ಇಲ್ಲೇ ಮುಗಿಯುವಂಥದ್ದು. ಆ ಕ್ಷಣ ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗಾಯಿತು ಎಂದು ಅವರು ನನ್ನ ಹತ್ತಿರ ಒಮ್ಮೆ ಮಾತ್ರ ಹೇಳಿಕೊಂಡಿದ್ದಾರೆ.

ಟವೆಲಿನಿಂದ ಟೆಸ್ಟರು, ಪ್ಲೇಯರು ಹೊರಬಂದವು. ಆದಿಲಕ್ಷ್ಮಮ್ಮ ನೋಡಿಯೂ ನೋಡದವರಂತೆ ಹುರುಳಿಕಾಳು ತೊಳೆಯುತ್ತಿದ್ದರು. ಅಟ್ಟದ ಕೆಳಗಿನ ಪೆಟ್ಟಿಗೆ ತೆರೆದರೆ ಬ್ಯಾಟರಿ. ಅದರಲ್ಲಿ ತಂತಿ ಸಿಕ್ಕಿಸುವ ಒಂದು ಕಡ್ಡಿಗೆ ಹಸಿರು ಪಾಚಿಯಂಥ ಕಿಲುಬು ಹತ್ತಿ ತಂತಿ ಸಡಿಲವಾಗಿತ್ತು. ಹನ್ನೆರಡು ವೋಲ್ಟಿನ ಬ್ಯಾಟರಿ. ಅದು ಏನೂ ಮಾಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ಆದರೂ ಮೊದಲು ಆ ತಂತಿಯನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿದರು. ಆಮೇಲೆ ಬೆರಳ ತುದಿಯಿಂದ. ಆಮೇಲೆ ಎರಡು ಬೆರಳಿನಲ್ಲಿ ಹಿಡಿದುಕೊಂಡು ಸುಮ್ಮನೆ ಕೂತರು. ಮೂವತ್ತನಾಲ್ಕು ವರ್ಷದಲ್ಲಿ ಬರಿಗೈಯಿಂದ ಅವರು ಮುಟ್ಟಿದ ಮೊದಲ ಜೀವಂತ ತಂತಿ ಅದು.

ಬಿಸಿನೀರಿನಲ್ಲಿ ಕಿಲುಬು ತೊಳೆದು, ಉಜ್ಜಿ, ತಂತಿ ಬಿಗಿ ಮಾಡಿ, ಮೇಲೆ ಒಂದಿಷ್ಟು ವ್ಯಾಸಲೀನ್ ಸವರಿದರು. ಫ್ಯಾನು ತಿರುಗಿತು. ಆದರೂ ಸಮಾಧಾನವಾಗಲಿಲ್ಲ. ಏಣಿ ಹಾಕಿ ಸೂರಿಗೆ ಹತ್ತಿ ನೋಡಿದರೆ ಹಲಗೆಗಳ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು, ಪಕ್ಕದ ಹೊಂಗೆಮರದ ಒಂದು ಕೊಂಬೆಯ ನೆರಳು ಬೇರೆ. ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಾಗ ಕೆಳಗಿನಿಂದ ಯಾರೋ ಕೆಮ್ಮಿದ್ದು ಕೇಳಿಸಿತು.

ಹರಿತಾಳ ತಂದೆ ವೆಂಕಟರಾಮಪ್ಪ, ಎಪ್ಪತ್ತೇಳರ ಮುದುಕರು, ಕೋಲೂರಿಕೊಂಡು ಅತಿಥಿಗಳನ್ನು ವಿಚಾರಿಸಲು ಬಂದಿದ್ದರು. ಏಣಿಯ ಮೇಲಿದ್ದವರನ್ನು ಅವರು ಬಹಳ ಹೊತ್ತು ನೋಡಿದರು. ಒಂದು ಕಾಲು ಮೆಟ್ಟಿಲಿಗೆ ಸುತ್ತಿ, ಎರಡೂ ಕೈ ಬಿಟ್ಟು ನಿಲ್ಲುವ ಆ ನಿಲುವು ಬೇರೆಯವರಿಗೆ ಬರುವಂಥದ್ದಲ್ಲ.

“ನೀನು ಲೈನ್‌ಮನ್ ರವಣಪ್ಪ ಅಲ್ವಾ?” ಎಂದವರು, ತಾವೇ ತಿದ್ದಿಕೊಂಡು, “ನೀವು” ಎಂದರು.

“ಹೌದು ಯಜಮಾನ್ರೇ,” ಎಂದು ವೆಂಕಟರವಣಪ್ಪನವರು ಇಳಿದು ಬಂದರು.

ಇಬ್ಬರೂ ಜಗಲಿಯಲ್ಲಿ ಕೂತರು. ಮೊದಲು ಮಳೆ ಬೆಳೆಯ ಮಾತಾಯಿತು. ರೇಷ್ಮೆ ಯಾಕೆ ಬಿಟ್ಟೆವು, ಆ ಮೇಲೆ ಹುಳು ಮನೆಯ ಲೈನು ಹೇಗೆ ಕಿತ್ತುಕೊಂಡು ಹೋದರು, ಮಗಳು ಮತ್ತೆ ಲೈನು ಬೇಡವೆಂದು ಹೇಗೆ ಹಟ ಹಿಡಿದಳು ಎಂದೆಲ್ಲ ವೆಂಕಟರಾಮಪ್ಪ ಹೇಳಿದರು. ಅಷ್ಟು ಹೇಳಿ ಕೋಲಿನ ತುದಿಯಿಂದ ನೆಲ ಕೆರೆದರು.

“ಅವತ್ತು ಚಿಪ್ಪಲ್ಲಿ ಕೊಟ್ಟಿದ್ದು ನಮ್ಮಮ್ಮ. ನಾನು ಒಳಗೇ ಇದ್ದೆ. ನೋಡಿದೆ. ಬೇಡ ಅನ್ನಲಿಲ್ಲ.”

ಒಳಗೆ ಒಗ್ಗರಣೆ ಹಾಕುತ್ತಿದ್ದ ಆದಿಲಕ್ಷ್ಮಮ್ಮನ ಕೈ ನಿಂತಿತು.

“ಕಾಫಿ ಬಿಸಿ ಇತ್ತು ಯಜಮಾನ್ರೇ, ಅದು ನೆನಪಿದೆ,” ಎಂದರು ವೆಂಕಟರವಣಪ್ಪನವರು. “ಚಿಪ್ಪೂ ನೆನಪಿದೆ.”

ವೆಂಕಟರಾಮಪ್ಪ ತಲೆಯಾಡಿಸಿದರು. ಕ್ಷಮಿಸಿ ಎಂದು ಅವರೂ ಹೇಳಲಿಲ್ಲ, ಪರವಾಗಿಲ್ಲ ಎಂದು ಇವರೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಸ್ಸಾರಿನ ವಾಸನೆ ಹೊರಗೆ ಬಂತು. ಮುದುಕರು ಒಳಗೆ ಕತ್ತು ಚಾಚಿ, ತಮ್ಮ ಹೆಂಡತಿ ಹೋದ ಮೇಲೆ ಹುರುಳಿ ಬಸ್ಸಾರು ತಿಂದೇ ಇಲ್ಲ, ಮಗಳಿಗೆ ಮಾಡಲು ಬರುವುದಿಲ್ಲ, ತಮಗೂ ಒಂದು ಮುದ್ದೆ ಸಿಗುತ್ತದೆಯೇ ಎಂದು ಕೇಳಿದರು.

ಆದಿಲಕ್ಷ್ಮಮ್ಮ ಮೂರು ತಟ್ಟೆ ಹಾಕಿದರು. ಮೂರೂ ಆ ಮನೆಯ ಒಂದೇ ಥರದ ಸ್ಟೀಲ್ ತಟ್ಟೆಗಳು. ವೆಂಕಟರಾಮಪ್ಪ ಎರಡು ಮುದ್ದೆ ತಿಂದರು, ಸಾರಿಗೆ ಉಪ್ಪು ಒಂದು ಚೂರು ಮುಂದು ಎಂದು ತಮ್ಮ ಮನೆಮಾತು ತೆಲುಗಿನಲ್ಲಿ ಹೇಳಿ ನಕ್ಕರು. ಹೋಗುವಾಗ ಮಧ್ಯಾಹ್ನದ ಬಿಸಿಲು ಬಂದಿತ್ತು.

“ನಿಮಗೆ ಹೇಗನ್ನಿಸಿತು?” ಎಂದು ನಾನು ಆದಿಲಕ್ಷ್ಮಮ್ಮನವರನ್ನು ಕೇಳಿದ್ದೆ. ಅವರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು: “ನನಗೇನು ಸಂತೋಷ ಆಗಲಿಲ್ಲಪ್ಪ. ಇಪ್ಪತ್ಮೂರು ವರ್ಷ ತಡ ಆಯ್ತು ಅನ್ನಿಸ್ತು. ಆದ್ರೂ ಕೇಳ್ಕೊಂಡು ತಿಂದ್ರಲ್ಲ, ಬಡಿಸಿದೆ. ಆ ಮಗು ಹರಿತಾನ ಮುಖ ನೋಡಿ ಬಡಿಸಿದೆ.”

ಮೂರನೆಯ ದಿನ ನಡೆದದ್ದು ಹೇಳಿಕೊಳ್ಳುವಂಥದ್ದೇನಲ್ಲ, ಆದರೆ ನಮ್ಮ ಎದುರು ಮನೆಯವರಿಗೆ ಅದೇ ದೊಡ್ಡದು. ಬೆಳಿಗ್ಗೆ ತಿಂಡಿ ತಿಂದು ವೆಂಕಟರವಣಪ್ಪನವರು ಜಗಲಿಯ ಚಾಪೆಯ ಮೇಲೆ ಸುಮ್ಮನೆ ಒರಗಿದರು. ಬೆಟ್ಟದ ಮೇಲಿನ ಮೋಡ ಕರಗುವುದನ್ನು ನೋಡುತ್ತಾ ಇದ್ದವರು ಹಾಗೆಯೇ ನಿದ್ದೆ ಹೋದರು. ಫೋನು ಎಲ್ಲಿದೆ ಎಂದು ಅವರಿಗೇ ಗೊತ್ತಿರಲಿಲ್ಲ. ಹತ್ತು ಆಯಿತು, ಹನ್ನೊಂದು ಆಯಿತು, ಬಿಸಿಲು ಜಗಲಿಯ ಅಂಚಿಗೆ ಬಂತು. ಗಂಡ ಹಗಲು ಹೊತ್ತು ಹೀಗೆ ಮೈಮರೆತು ಮಲಗಿದ್ದನ್ನು ಮದುವೆಯಾದಂದಿನಿಂದ ನೋಡದ ಆದಿಲಕ್ಷ್ಮಮ್ಮ ಗಾಬರಿಗೊಂಡು, ಹತ್ತಿರ ಬಂದು ಮೂಗಿನ ಮುಂದೆ ಬೆರಳು ಹಿಡಿದು ನೋಡಿದರು. ಉಸಿರು ಸರಿಯಾಗಿತ್ತು. ಆಕೆ ಬಿಸಿಲು ಬೀಳದಂತೆ ತಮ್ಮ ಸೀರೆಯೊಂದನ್ನು ಕಂಬಕ್ಕೂ ಕಿಟಕಿಗೂ ಕಟ್ಟಿ, ಪಕ್ಕದಲ್ಲಿ ಕೂತು ಹರಿತಾ ಕೊಟ್ಟಿದ್ದ ಅವರೆಕಾಯಿ ಸುಲಿದರು. ಅವರು ಎದ್ದಾಗ ಮಧ್ಯಾಹ್ನ ಎರಡು ಗಂಟೆ. ಎದ್ದವರು ಮೊದಲು ಕೇಳಿದ್ದು, ಊಟಕ್ಕೆ ಏನಿದೆ ಎಂದು.

ಸಂಜೆ ಹೊರಡುವಾಗ ಹರಿತಾ ಬ್ಯಾಟರಿ ನೋಡಿಕೊಳ್ಳುವುದು ಹೇಗೆಂದು ಕೇಳಿ ಬರೆದುಕೊಂಡಳು. ಹೊಂಗೆಯ ಆ ಒಂದು ಕೊಂಬೆ ತೆಗೆಸು, ಮರ ಕಡಿಸಬೇಡ ಎಂದು ಅವರು ಹೇಳಿದರು. ಅತ್ತ ನಂದಿಯ ಕಡೆಯೂ ಇಂಥ ಎರಡು ಮೂರು ಮನೆಗಳಿವೆ, ಏನಾದರೂ ಕೆಟ್ಟರೆ ರಿಪೇರಿಯವರು ಬರಲು ವಾರಗಟ್ಟಲೆ ಆಗುತ್ತದೆ, ತಿಂಗಳಿಗೊಮ್ಮೆ ಬಂದು ನೋಡಲು ಆಗುತ್ತದೆಯೇ ಎಂದು ಅವಳು ಕೇಳಿದಳು. ಅವರು ಹೆಂಡತಿಯ ಮುಖ ನೋಡಿದರು. ಫೋನು ಬಂದಾಗ ಓಡುವುದಿಲ್ಲ, ಹೇಳಿದ ದಿನಕ್ಕೆ ಮಾತ್ರ ಹೋಗುವುದು ಎಂದು ಆದಿಲಕ್ಷ್ಮಮ್ಮ ಕರಾರು ಹಾಕಿದರು.

ಹಾಗೆಯೇ ಆಯಿತು. ಈಗ ತಿಂಗಳ ಎರಡನೆಯ ಶನಿವಾರ ವೆಂಕಟರವಣಪ್ಪನವರು ಬೆಳಗಿನ ಬಸ್ಸು ಹಿಡಿಯುತ್ತಾರೆ. ಎರಡು ಸಲ ನರಸಿಂಹಮೂರ್ತಿಯನ್ನೂ ಕರೆದುಕೊಂಡು ಹೋಗಿದ್ದರು. ಹನ್ನೆರಡು ವೋಲ್ಟಿನ ಕೆಲಸ ಒಂದೇ ಕೈಯಲ್ಲೂ ಆಗುತ್ತದೆ. ಮೀಟರು ಹಿಡಿಯಲು, ಎಲ್ಲಿ ಎಷ್ಟು ತೋರಿಸುತ್ತಿದೆ ಎಂದು ಓದಿ ಹೇಳಲು ಮೂರ್ತಿಯಷ್ಟು ಚುರುಕಾದವರು ಇನ್ನೊಬ್ಬರಿಲ್ಲ ಎಂದು ಬಂದು ಹೇಳಿದರು. ಊರಿನಲ್ಲಿ ಕರೆಂಟು ಹೋದಾಗ ಅವರು ಈಗಲೂ ಕೆಲವು ಸಲ ಗೇಟಿಗೆ ಬರುತ್ತಾರೆ. ಬಂದು, ನನ್ನ ಜೊತೆ ಎರಡು ಮಾತಾಡಿ, ಒಳಗೆ ಹೋಗುತ್ತಾರೆ. ಬಿಪಿ ಮಾತ್ರೆ ನಿಂತಿಲ್ಲ, ಅರ್ಧಕ್ಕೆ ಇಳಿದಿದೆ.

ಜನವರಿಯಲ್ಲಿ ಆದಿಲಕ್ಷ್ಮಮ್ಮನೂ ಜೊತೆಗೆ ಹೋಗಿದ್ದರು. ಹರಿತಾ ತನಗೂ ಅವರಿಗೂ ಸೇರಿಸಿ ಸ್ಕಂದಗಿರಿ ಹತ್ತಲು ಟಿಕೆಟ್ ಮಾಡಿಸಿದ್ದಳು. ಐವತ್ತಾರು ವರ್ಷದ ಆಕೆ ಲಾವಣ್ಯಳ ಹಳೆಯ ಶೂ ಹಾಕಿಕೊಂಡು, ಸೀರೆಯನ್ನು ಮೇಲೆ ಕಟ್ಟಿಕೊಂಡು ಹೊರಟರು. ಕಂಬ ಹತ್ತಿದ ಗಂಡ ಮಂಡಿನೋವೆಂದು ಕೆಳಗೇ ಉಳಿದರು. ಮೇಲಿನ ಕೋಟೆಗೋಡೆಯ ತನಕ ಹೋಗಿ ಬರಲು ಅವರಿಗೆ ಆರು ಗಂಟೆ ಹಿಡಿಯಿತು. ಇಳಿದು ಬಂದವರು ಜಗಲಿಯಲ್ಲಿ ಕಾಲು ಚಾಚಿ, ಶೂ ಬಿಚ್ಚಿ, ಊದಿದ ಪಾದಗಳನ್ನು ಉಜ್ಜಿಕೊಳ್ಳುತ್ತಾ ಸುತ್ತಲಿನ ಬೆಟ್ಟಗಳನ್ನೇ ನೋಡುತ್ತಿದ್ದರಂತೆ. ಆಮೇಲೆ ಹರಿತಾಳನ್ನು ಕರೆದು, ಅದೋ ಆ ಪಕ್ಕದ್ದು ಯಾವುದು, ಅದನ್ನು ಹತ್ತಲು ಎಷ್ಟು ಹೊತ್ತಾಗುತ್ತದೆ ಎಂದು ವಿಚಾರಿಸಿದರಂತೆ.